ಸೇಸಪ್ಪನ ಕತೆ ಮುಗಿಯಲು ಬಿಡದವರು

ಶುಕ್ರವಾರ. ಮಸ್ಕತ್ತಿನ ವಾದಿ ಅದಾಯಿ ಬಡಾವಣೆಯ ಗುಡ್ಡದ ಹಿಂದೆ ಈಗಷ್ಟೇ ಬೆಳಕು ಹರಿಯುತ್ತಿದೆ. ಮೂರನೇ ಮಹಡಿಯ ಬಾಲಸುಬ್ರಹ್ಮಣ್ಯ ಅವರ ಕಿಟಕಿಯ ಎ.ಸಿ.ಯನ್ನು ಹೊರಗೆಳೆದು, ಸೇಸಪ್ಪ ಅದರೊಳಗಿಂದ ಬೊಗಸೆಗಟ್ಟಲೆ ಮರಳು ತೆಗೆಯುತ್ತಿದ್ದಾರೆ. ರಜೆಯ ದಿನ, ಯಾರೂ ಕರೆದಿಲ್ಲ.

"ಸಂಜೆ ಸಾರ್ ಬಾಯಿ ಮುಚ್ಚಿ ಕೂತ್ಕೊಳ್ಬೇಕಲ್ಲ, ಅದಕ್ಕೆ ಈ ಸೇವೆ," ಎನ್ನುತ್ತಾರೆ.

ಕಾಫಿ ತಂದ ಪದ್ಮಮ್ಮ, "ನಮ್ಮೆಜಮಾನ್ರ ಬಾಯಿಗೂ ಒಂದು ಸ್ಕ್ರೂ ಹಾಕ್ಬಿಡಪ್ಪ," ಎನ್ನುತ್ತಾರೆ.

ಬೆಳ್ತಂಗಡಿ ಕಡೆಯ ಸೇಸಪ್ಪ ಮಸ್ಕತ್ತಿಗೆ ಬಂದದ್ದು ಎಂಬತ್ನಾಲ್ಕರಲ್ಲಿ. ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಎ.ಸಿ. ರಿಪೇರಿ. ಊರವರು ಸೇರುವ ಶುಕ್ರವಾರಗಳಲ್ಲಿ ಮೈಕಿನ ಮುಂದೆ ನಿಂತು ನಗಿಸುತ್ತಾರೆ. ತೊಂದರೆಯೆಂದರೆ ಸಭೆಯ ಅರ್ಧ ಜನ ಅವರ ಗಿರಾಕಿಗಳೇ.

"ಏನಯ್ಯಾ, ನಮ್ಮನೆ ಎ.ಸಿ. ಯಾವಾಗ ನೋಡ್ತೀಯ?" ಎಂದು ಬಾಲಸುಬ್ರಹ್ಮಣ್ಯ ಶುರುಮಾಡಿದರೆ ಉಳಿದವರೂ ದನಿಗೂಡಿಸುತ್ತಾರೆ.

"ನಿಮ್ಮ ಎ.ಸಿ. ಸರಿಯಾದ್ರೆ ನೀವು ಮನೆಯಲ್ಲೇ ಮಲಗ್ತೀರಿ ಸಾರ್. ಮತ್ತೆ ನನ್ನ ಜೋಕಿಗೆ ಯಾರು ಬರ್ತಾರೆ?" ಎಂದು ಸೇಸಪ್ಪ ಮರುಮಾತು ಕೊಡುತ್ತಾರೆ.

ಹೀಗೆ ಉತ್ತರ ಕೊಡುವುದರಲ್ಲೇ ಹೊತ್ತು ಕಳೆದು, ಅವರ ಮದುವೆ ದಿಬ್ಬಣದ ಕತೆ ಒಮ್ಮೆಯೂ ಮುಗಿದಿಲ್ಲ. ಇವತ್ತು ಮುಗಿಯಲೇಬೇಕು. ಹೋದ ವಾರ ಊರಿಂದ ಬಂದ ಹೆಂಡತಿ ಕುಸುಮ ಮೊದಲ ಬಾರಿ ನೋಡಲು ಬರುತ್ತಿದ್ದಾರೆ.

"ಇಲ್ಲಿ ನಾನು ದೊಡ್ಡ ಕಲಾವಿದ ಅಂತ ಅವಳಿಗೆ ಹೇಳಿಟ್ಟಿದ್ದೇನೆ. ಒಂದು ಕತೆಯಾದ್ರೂ ಪೂರ್ತಿ ಹೇಳದಿದ್ರೆ ಮರ್ಯಾದೆ ಉಳೀತದಾ?"

ಸಂಜೆ ಬಾಲಸುಬ್ರಹ್ಮಣ್ಯ ಮುಂದಿನ ಸಾಲಿನಲ್ಲಿ ತಂಪಾಗಿ ಕೂತಿದ್ದಾರೆ. ಅವರು ಸುಮ್ಮನಿರುವುದನ್ನು ಕಂಡು ಉಳಿದವರೂ ಸುಮ್ಮನಿದ್ದಾರೆ. ಕತೆ ಸರಾಗವಾಗಿ ಸಾಗುತ್ತದೆ.

"ಡ್ರೈವರಿಗೆ ದಾರಿ ತಪ್ಪಿ, ದಿಬ್ಬಣದ ಬಸ್ಸು ಬೇರೆ ಯಾರದ್ದೋ ಮದುವೆಮನೆ ಮುಂದೆ ನಿಂತಿತು..."

"ಪಾಪದ ಡ್ರೈವರಿಗೆ ಯಾಕೆ ಹೇಳುದು?" ಹೆಂಗಸರ ಸಾಲಿನಿಂದ ಒಂದು ದನಿ. "ಒಗ್ಗರಣೆ ಪರಿಮಳಕ್ಕೆ ಬಸ್ಸು ನಿಲ್ಲಿಸಿದ್ದು ಇವ್ರೇ."

ಕುಸುಮ. ಸಭೆ ಗೊಳ್ಳೆಂದು ನಗುತ್ತದೆ.

"ಹೇಳಯ್ಯಾ, ಇದಕ್ಕೇನು ಉತ್ತರ?" ಬಾಲಸುಬ್ರಹ್ಮಣ್ಯರಿಗೆ ಇನ್ನು ತಡೆಯಲಾಗುವುದಿಲ್ಲ.

ಸೇಸಪ್ಪ ಕೆಳಗಿಳಿದು ಮೈಕನ್ನು ಹೆಂಡತಿಯ ಕೈಗೆ ಕೊಡುತ್ತಾರೆ. ಕುಸುಮ ಸೆರಗು ಸರಿಮಾಡಿಕೊಂಡು ನಿಂತಲ್ಲೇ ಹೇಳುತ್ತಾರೆ: "ಇಲ್ಲಿ ಮುಹೂರ್ತ ಮೀರ್ತದೆ ಅಂತ ನಾನು ಅಳುದು. ಅಲ್ಲಿ ಇವ್ರು ಎರಡನೇ ಸಲ ಪಾಯಸ ಬಡಿಸ್ಕೊಳ್ಳುದು. ಕಡೆಗೆ ನನ್ನ ತಮ್ಮ ಹೋಗಿ ಬಾಳೆಲೆ ಮುಂದಿಂದ ಎಬ್ಬಿಸಿ ತಂದ. ತಾಳಿ ಕಟ್ಟುವಾಗ್ಲೂ ತೇಗು."

ನಗು ನಿಲ್ಲಲು ಬಹಳ ಹೊತ್ತು ಹಿಡಿಯುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಸೇಸಪ್ಪ ಮೈಕಿನ ವಯರು ಸುತ್ತುತ್ತ ಹೇಳುತ್ತಾರೆ: "ನಡುವೆ ಬಾಯಿ ಹಾಕುವವರಿಗೆಲ್ಲ ನನ್ನ ಹತ್ರ ಉತ್ತರ ಉಂಟು, ಇವಳೊಬ್ಬಳಿಗೆ ಇಲ್ಲ. ಇವಳ ವೀಸಾ ಇನ್ನೊಂದು ತಿಂಗಳು ಮುಂದೆ ಹೋದ್ರೆ ಸಾಕು ಮಾರಾಯ್ರೆ. ಇವಳಿಗೆ ಹಿಡೀಲಿಕ್ಕೆ ನಾನು ಹೇಳಿದ ಸುಳ್ಳು ಇನ್ನೂ ಸುಮಾರು ಉಂಟು."