ವದ್ದು ಶೆಟ್ಟರು

ನಾವು ಯಾವ ಸೀರೆಯ ಮೇಲೆ ಕೈಯಿಟ್ಟರೂ ಅದನ್ನು ನಮ್ಮ ಕೈಯಿಂದ ಎಳೆದುಕೊಂಡು, ಮಡಿಸಿ, ಹಿಂದಕ್ಕೆ ಹಾಕುವುದು ಶೆಟ್ಟರ ಪದ್ಧತಿ. ಮಡಿಸುತ್ತಲೇ "ವದ್ದು" ಅನ್ನುತ್ತಿದ್ದರು. ಅವರ ಮನೆಮಾತು ತೆಲುಗು. ಮುಳಬಾಗಿಲಿನ ಪೇಟೆಯಲ್ಲಿ ಅರ್ಧ ಜನರದ್ದು ಅದೇ. ನಮ್ಮಂಥವರ ಜೊತೆ ವ್ಯಾಪಾರವೆಲ್ಲ ಕನ್ನಡದಲ್ಲಿ, 'ಬೇಡ' ಅನ್ನುವುದೊಂದು ಮಾತ್ರ ತೆಲುಗಿನಲ್ಲಿ. ಹಾಗಾಗಿ ಊರಿಗೆಲ್ಲ ಅವರು ವದ್ದು ಶೆಟ್ಟರು. ಮಾರುವುದಕ್ಕೆಂದು ಅಂಗಡಿ ತೆರೆದು, ಬಂದವರಿಗೆಲ್ಲ ಬೇಡ ಬೇಡ ಅನ್ನುತ್ತಾ ಈ ಮನುಷ್ಯ ಸಂಸಾರ ಹೇಗೆ ಸಾಗಿಸಿದರೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರೈಲು ಡಬ್ಬಿಯಂತೆ ಉದ್ದಕ್ಕಿದ್ದ ಅಂಗಡಿ. ಚಪ್ಪಲಿ ಹೊರಗೆ ಬಿಟ್ಟು ಬಿಳಿ ಹಾಸಿನ ಮೇಲೆ ಕೂರಬೇಕು. ಕೂತ ತಕ್ಷಣ ಸೀರೆ ತೋರಿಸುತ್ತಾರೆ ಅಂದುಕೊಂಡರೆ ಕೆಟ್ಟಿರಿ. ಯಾರಿಗೆ, ಯಾತಕ್ಕೆ, ಹೆಣ್ಣಿನ ಕಡೆಗೋ ಗಂಡಿನ ಕಡೆಗೋ, ಹೋದ ಸಲ ಒಯ್ದದ್ದು ಒಗೆದ ಮೇಲೆ ಹೇಗಿದೆ, ಅಜ್ಜಿಯ ಮಂಡಿನೋವು ಏನಾಯಿತು, ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ಮೊದಲ ಸೀರೆ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನು ಟ್ಯೂಬ್‌ಲೈಟಿನ ಬೆಳಕಲ್ಲಿ ನೋಡಲು ಬಿಡುತ್ತಿರಲಿಲ್ಲ. "ಬಾಮ್ಮಾ ಬೆಳಕಿಗೆ" ಅಂತ ನಮ್ಮನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಸೆರಗು ಹೆಗಲಿಗೆ ಹಾಕಿ, ಎದುರಿಗೆ ಹೂ ಕಟ್ಟುತ್ತಿದ್ದ ಮುನಿಯಮ್ಮನ ಅಭಿಪ್ರಾಯ ಕೇಳುತ್ತಿದ್ದರು. ಮುನಿಯಮ್ಮ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ತಲೆ ಅಲ್ಲಾಡಿಸಬೇಕು. ಬಸ್ಸಿಗೆ ಹೊರಟವರೂ ನಿಂತು ಒಂದೊಂದು ಮಾತು ಸೇರಿಸಿ ಹೋಗುತ್ತಿದ್ದರು.

ನನ್ನದು ಕಪ್ಪು ಮೈಬಣ್ಣ. ನೆಂಟರೆಲ್ಲ ಅದನ್ನು ಸುತ್ತಿ ಬಳಸಿ ಹೇಳಿದರೆ, ಶೆಟ್ಟರು ನಡುಬೀದಿಯಲ್ಲಿ ಹೇಳಿದರು. ನಾನಾಗ ಪಿಯುಸಿ, ಆಕಾಶನೀಲಿ ಸೀರೆಯೊಂದರ ಮೇಲೆ ಪ್ರಾಣವನ್ನೇ ಇಟ್ಟಿದ್ದೆ. "ನೀನ್ ಕಪ್ಪು ಕಣಮ್ಮಾ. ಇದು ಉಟ್ರೆ ಸೀರೆ ಒಂದೇ ನಡ್ಕೊಂಡ್ ಬರ್ತದೆ, ನೀನ್ ಕಾಣಲ್ಲ" ಅಂದರು. ಮುನಿಯಮ್ಮ ನಕ್ಕಳು. ನಾನು ಮನೆಗೆ ಬಂದು ಊಟ ಬಿಟ್ಟೆ.

ನನ್ನ ಮದುವೆಯ ಹೊತ್ತಿಗೆ ನಡೆದದ್ದಂತೂ ಇನ್ನೂ ಚೆಂದ. ಬಳೆ ತೊಡಿಸುವ ದಿನಕ್ಕೆ ನನಗೆ ಹಸಿರು ಸೀರೆ ಬೇಕಿತ್ತು. ನಾನೇ ಹೋದರೆ ವದ್ದು ಅನ್ನಿಸಿಕೊಳ್ಳಬೇಕಲ್ಲ ಎಂದು, ಪೇಟೆಗೆ ಹೊರಟಿದ್ದ ಅಣ್ಣನ ಹತ್ತಿರ ಪಚ್ಚೆ ಸೀರೆ ಒಂದು ಕಟ್ಟಿಕೊಡಬೇಕಂತೆ ಅಂತ ಹೇಳಿ ಕಳಿಸಿದೆ. ಸಂಜೆ ಪೊಟ್ಟಣ ಬಿಚ್ಚಿದರೆ ಒಳಗೆ ಅರಿಶಿನದ ಬಣ್ಣ. ನಮಗೆ ಪಚ್ಚೆ ಅಂದರೆ ಹಸಿರು; ಅವರ ಮನೆಯ ತೆಲುಗಿನಲ್ಲಿ ಪಚ್ಚ ಅಂದರೆ ಹಳದಿ. ಮಾರನೆಯ ದಿನ ಅಮ್ಮನನ್ನು ಕರೆದುಕೊಂಡು ಜಗಳಕ್ಕೇ ಹೋದೆ.

"ಆಕುಪಚ್ಚ ಅನ್ಬೇಕಿತ್ತು. ಬರೀ ಪಚ್ಚ ಅಂದ್ರೆ ನಾನೇನ್ ಮಾಡ್ಲಿ?" ಅಂದರು ಶೆಟ್ಟರು. ಆಮೇಲೆ ಸೀರೆಯನ್ನೂ ನನ್ನನ್ನೂ ಒಮ್ಮೆ ನೋಡಿ, "ಬಿಡು, ಮಾತು ತಪ್ಪಿದ್ರೂ ಸೀರೆ ತಪ್ಪಿಲ್ಲ" ಅಂದರು. ಹಸಿರು ತೋರಿಸಿ ಅಂದದ್ದಕ್ಕೆ ಮಾಮೂಲಿ ಉತ್ತರವೇ ಬಂತು. ಅಂಗಡಿಯಲ್ಲಿ ತುಟಿ ಬಿಚ್ಚದ ಅಮ್ಮ ಬಸ್ಸಿನಲ್ಲಿ ನನಗಿಂತ ಜೋರಾಗಿ ಬೈದಳು. ಮುಂದಿನ ಜನ್ಮದಲ್ಲಿ ಶೆಟ್ಟಿ ಹಸುವಾಗಿ ಹುಟ್ಟಲಿ, ಹಸಿರಿನ ಬೆಲೆ ಗೊತ್ತಾಗುತ್ತೆ ಅಂದಳು. ಊರು ಬರುವವರೆಗೂ ನಕ್ಕೆವು. ಆ ಹಳದಿ ಸೀರೆಯನ್ನೇ ಉಟ್ಟೆ. ಚೆನ್ನಾಗಿಯೇ ಇತ್ತು ಅನ್ನುವುದು ಬೇರೆ ಮಾತು. ಶೆಟ್ಟರಿಗೆ ಅದನ್ನು ನಾನು ಹೇಳಲು ಹೋಗಲಿಲ್ಲ.

ಇಂಥ ಅಂಗಡಿಯಲ್ಲಿ ಬೆಳೆದವಳು ಮೊದಲ ಸಲ ಬೆಂಗಳೂರಿನ ಅಂಚಿನ ಮಾಲಿಗೆ ಹೋದಾಗ ನನಗೆ ಹೇಗಾಗಿರಬೇಡ. ಸುಳ್ಳು ಯಾಕೆ, ಸ್ವರ್ಗಕ್ಕೆ ಬಂದಂತಾಯಿತು. ತಣ್ಣನೆ ಗಾಳಿ. ಯಾರ ಮನೆಯವಳು ಅಂತ ಕೇಳುವವರಿಲ್ಲ. ಬೇಕಾದ ಬಣ್ಣ ಮೈಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತರೂ ಸೈ.

ಆಮೇಲಾಮೇಲೆ ತಲೆಚಿಟ್ಟು ಹಿಡಿಯಿತು. ಬಾಗಿಲಲ್ಲೇ ನಮ್ಮ ಬ್ಯಾಗಿಗೆ ದಾರ ಬಿಗಿಯುತ್ತಾರೆ, ಕಳ್ಳರಿಗೆ ಬಿಗಿದಂತೆ. ಓಡುವ ಮೆಟ್ಟಿಲ ಮೇಲೆ ನೆರಿಗೆ ಹಿಡಿದುಕೊಂಡು ದೇವರನ್ನು ನೆನೆಯಬೇಕು. ಕೂರುವುದಕ್ಕೆ ಒಂದು ಸ್ಟೂಲಿಲ್ಲ. ಬೇರೆ ಬಣ್ಣ ಇದೆಯಾ ಅಂದರೆ ಅಲ್ಲಿರೋದೇ ಮೇಡಂ ಅನ್ನುತ್ತಾರೆ, ಫೋನಿನಿಂದ ತಲೆಯೆತ್ತದೆ. ಬಿಲ್ಲಿನ ಹತ್ತಿರ ನಂಬರು ಕೊಟ್ಟ ತಪ್ಪಿಗೆ ಯುಗಾದಿ, ದೀಪಾವಳಿಗೆ ನೆಂಟರಿಗಿಂತ ಮೊದಲು ಅವರ ಮೆಸೇಜು.

ಮಗಳು ರಮ್ಯಾಳ ನಿಶ್ಚಿತಾರ್ಥದ ಸೀರೆಗೂ ಅಲ್ಲಿಗೇ ಹೋದೆವು. ಬಣ್ಣದಲ್ಲಿ ಅವಳು ನನ್ನ ಹಾಗೇ. ತಿಳಿ ಈರುಳ್ಳಿ ಬಣ್ಣದ ಸೀರೆ ಹೆಗಲ ಮೇಲೆ ಹಾಕಿಕೊಂಡು ಹೆಂಗಿದೆ ಅಂದಳು. ಅಲ್ಲಿನ ಹುಡುಗಿ ಅದಕ್ಕೂ ಸೂಪರ್ ಅಂದಳು, ಅದರ ಹಿಂದಿನ ಏಳೆಂಟಕ್ಕೆ ಅಂದ ಹಾಗೆ. ರಮ್ಯಾಳ ಮುಖದಲ್ಲಿ ಅಷ್ಟು ಖುಷಿ ಕಂಡು ನಾನೂ ಹೂಂ ಅಂದುಬಿಟ್ಟೆ. ನಾನು ಮದುವೆಯಾಗಿ ಸೇರಿದ ಶ್ರೀನಿವಾಸಪುರಕ್ಕೆ ಬಂದು, ಮನೆಯ ಕಿಟಕಿ ಬಳಿ ಬಿಚ್ಚಿದರೆ ಅದು ಬೂದಿ. ಉಟ್ಟರೆ ಜ್ವರದಿಂದ ಎದ್ದವಳಂತೆ ಕಾಣುತ್ತಿದ್ದಳು. ಒಂದು ವಾರದೊಳಗೆ ಬದಲಾಯಿಸಬಹುದಿತ್ತು. ಆದರೆ ಅವಳು ಗಳಿಗೆಗೊಮ್ಮೆ ಬಂದು "ಚೆನ್ನಾಗೈತೆ ಅಲ್ವಾ?" ಅಂದರೆ, ಮದುವೆ ಗೊತ್ತಾದ ಹುಡುಗಿಗೆ ನೀನು ಇದರಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ ಹೆತ್ತವಳು ಹೇಗೆ ಹೇಳುವುದು? ಶೆಟ್ಟರ ನೆನಪಾಯಿತು. ಅವರೇ ಹೇಳಲಿ ಅಂತ, ಮ್ಯಾಚಿಂಗ್ ರವಿಕೆ ಬಟ್ಟೆಯ ನೆಪ ಹೇಳಿ ಮುಳಬಾಗಿಲಿಗೆ ಹೊರಡಿಸಿದೆ.

ಅಂಗಡಿಗೆ ಗಾಜಿನ ಬಾಗಿಲು ಬಂದಿತ್ತು. ಬಿಳಿ ಹಾಸು ಹೋಗಿ ಕೌಂಟರು, ಅದರ ಹಿಂದೆ ಮಗ. ಶೆಟ್ಟರು ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಣ್ಣಗಾಗಿ ಕೂತಿದ್ದರು. ನನ್ನ ಗುರುತು ಹಿಡಿದು "ಬನ್ನಿ ಮೇಡಂ" ಅಂದರು. ಯಾರನ್ನು ಕರೆದರೋ ಅಂತ ನಾನು ಹಿಂದೆ ತಿರುಗಿ ನೋಡಿದೆ. ಮಗನೇ ಹೇಳಿದ: ಇವರ ಮಾತಿಗೆ ನೊಂದ ಹುಡುಗಿಯೊಬ್ಬಳು ಫೋನಿನಲ್ಲಿ ಅಂಗಡಿಗೆ ಒಂದೇ ಸ್ಟಾರ್ ಕೊಟ್ಟಳಂತೆ, ಅವತ್ತಿನಿಂದ ಅಪ್ಪನ ಬಾಯಿಗೆ ಬೀಗವಂತೆ. ಆ ಹುಡುಗಿಯದೂ ತಪ್ಪಲ್ಲ. ಆಕಾಶನೀಲಿಯ ದಿನ ನನ್ನ ಕೈಯಲ್ಲಿ ಫೋನಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ರಮ್ಯಾ ಸೆರಗು ಹೆಗಲಿಗೆ ಹಾಕಿಕೊಂಡು ನಿಂತಳು. ಶೆಟ್ಟರು ಅಂಚನ್ನು ಬೆರಳಲ್ಲಿ ಉಜ್ಜಿದರು. ಅವಳ ಮುಖ ನೋಡಿದರು. ಮಗನ ಕಡೆ ನೋಡಿದರು.

"ಸೂಪರಾಗೈತೆ ಮೇಡಂ" ಅಂದರು.

"ಶೆಟ್ರೇ, ಸರಿಯಾಗ್ ನೋಡಿ ಹೇಳಿ."

"ನೋಡ್ದೆ ಮೇಡಂ. ಚೆನ್ನಾಗೈತೆ."

"ನೋಡ್ದಾ ಅಮ್ಮಾ" ಅಂತ ರಮ್ಯಾ ನಗುತ್ತಾ ನನ್ನ ಕಡೆ ತಿರುಗಿದಳು. ನನಗೆಲ್ಲಿತ್ತೋ ಸಿಟ್ಟು, ಯಾರ ಮೇಲಿತ್ತೋ.

"ಚೆನ್ನಾಗಿಲ್ಲ ಕಣೇ. ನಿನ್ ಮುಖಾನೇ ಬಾಡೋಗಿ ಕಾಣ್ತದೆ ಇದ್ರಲ್ಲಿ. ವಾಪಸ್ ಕೊಟ್ಬಿಡಾನ."

ಅವಳು ಸೆರಗು ಇಳಿಸಿದಳು. "ಅವತ್ತಿಂದ ಕೇಳ್ತಾನೇ ಇದೀನಿ. ಇವ್ರ್ ಮುಂದೆ ಹೇಳ್ಬೇಕಿತ್ತಾ?" ಅಂತ ಸೀರೆಯನ್ನು ಕವರಿಗೆ ತುರುಕಿ ಮೆಟ್ಟಿಲಿಳಿದು ಹೋದಳು.

ಹಳೇ ರೂಢಿಯಂತೆ ಹೊರಗೆ ಬಿಟ್ಟಿದ್ದ ಚಪ್ಪಲಿಯನ್ನು ನಾನು ಹುಡುಕುತ್ತಿದ್ದಾಗ ಶೆಟ್ಟರು ಮಗನಿಗೆ ಕೇಳದಂತೆ ಬಗ್ಗಿ, "ನೀನ್ಯಾಕಮ್ಮಾ ಹೇಳಕ್ ಹೋದೆ? ಬೈಸ್ಕೊಳ್ಳೋದು ನನ್ ಕೆಲ್ಸ" ಅಂದರು. ನನ್ನೊಡನೆ ಅವರು ಆಡಿದ ಕೊನೆಯ ಮಾತು ಅದು. ಮದುವೆಯ ಕರೆಯೋಲೆ ಕೊಡಲು ಹೋಗುವಷ್ಟರಲ್ಲಿ ತೀರಿಕೊಂಡಿದ್ದರು.

ಅವತ್ತು ಬಸ್ಸಿನಲ್ಲಿ ರಮ್ಯಾ ಮುಂದಿನ ಸೀಟಿನಲ್ಲಿ ಬೇರೆಯವರ ಪಕ್ಕ ಕೂತಳು. ಶೆಟ್ಟರು ಒಂದು ಮಾತು ಅಂದಿದ್ದರೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಅವರ ಕುಲಗೋತ್ರವನ್ನೆಲ್ಲ ಜಾಲಾಡಿಕೊಂಡು ಬರಬಹುದಿತ್ತು. ಶ್ರೀನಿವಾಸಪುರ ಬರುವವರೆಗೂ ಅವಳು ತಿರುಗಿ ನೋಡಲಿಲ್ಲ. ಮರುದಿನ ಮಾಲಿನಲ್ಲಿ ಬೇರೆ ಸೀರೆ ಆರಿಸಿಕೊಂಡಳು, ಹೆಂಗಿದೆ ಅಂತ ನನ್ನನ್ನು ಕೇಳದೆ.