ನನ್ನ ಭುಜ, ಅತ್ತೆಯ ಹರಕೆ

ಗೌರಿ ಹಬ್ಬದಿಂದ ಸಂಕ್ರಾಂತಿಯವರೆಗೆ ನನ್ನ ಜಡೆ ಹೆಣೆದವರು ನನ್ನ ಗಂಡ.

ಹೌದು, ಸರಿಯಾಗಿಯೇ ಓದಿದಿರಿ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಆಳುಗಳನ್ನು ಗದರಿಸಿ ಕೆಲಸ ತೆಗೆಯುವ ಸೂಪರ್‌ವೈಸರು ಬೆಳಿಗ್ಗೆ ಬಾಗಿಲಿಗೆ ಚಿಲಕ ಹಾಕಿ, ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು ಹೆಂಡತಿಯ ತಲೆ ಬಾಚುತ್ತಿದ್ದರು. (ಚಿಲಕ ಯಾಕೆಂದರೆ, ಯಾರಾದರೂ ನೋಡಿಬಿಟ್ಟರೆ ನಾಳೆಯಿಂದ ಕಾರ್ಖಾನೆಯಲ್ಲಿ ಅವರ ಮಾತು ಯಾರು ಕೇಳುತ್ತಾರೆ?)

ಎಲ್ಲ ನನ್ನ ಬಲ ಭುಜದ ಕೃಪೆ. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಟೈಪಿಸ್ಟು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಿಷನ್ನಿನ ಮುಂದೆ ಬೆನ್ನು ಬಗ್ಗಿಸಿ ಕೂರುವ ಕೆಲಸ. ಒಂದು ದಿನ ಭುಜ ಚುಳುಕ್ ಎಂದಿತು. ನೋವು ಅಂತ ಕೈ ಎತ್ತುವುದನ್ನು ಕಡಿಮೆ ಮಾಡಿದೆ. ಕಡಿಮೆ ಮಾಡಿದಷ್ಟೂ ಅದು ಬಿಗಿಯುತ್ತಾ ಹೋಯಿತು. ಕೊನೆಗೆ ಟೈಪ್ ಮಾಡಬಲ್ಲೆ, ಅನ್ನ ಕಲಸಬಲ್ಲೆ, ಆದರೆ ಕೈ ಕಿವಿಯಿಂದ ಮೇಲೆ ಏರದು, ಬೆನ್ನ ಹಿಂದೆ ಹೋಗದು.

ಕೈ ಹಿಂದೆ ಹೋಗದಿದ್ದರೆ ಹೆಂಗಸಿನ ಪಾಡೇನು ಅಂತ ಗಂಡಸರಿಗೆ ತಿಳಿಯುವುದಿಲ್ಲ. ಜಡೆ ಹಾಕುವಂತಿಲ್ಲ. ಹೂವು ಮುಡಿಯುವಂತಿಲ್ಲ. ರೈಲಿನಲ್ಲಿ ಮೇಲಿನ ಸರಳು ಹಿಡಿಯುವಂತಿಲ್ಲ. ಮನೆಯಲ್ಲಿ ಅತ್ತೆ ಇದ್ದಾರಲ್ಲ ಅನ್ನಬೇಡಿ. ಅವರ ಕಣ್ಣು ಮಂದ, ಬೈತಲೆ ತೆಗೆದರೆ ಸೊಟ್ಟಂಪಟ್ಟ. ಉಳಿದವರು ಗಂಡ ಒಬ್ಬರೇ. ಮೊದಮೊದಲು ಅವರು ಹುಲ್ಲಿನ ಹೊರೆ ಬಿಗಿದ ಹಾಗೆ ಬಿಗಿಯುತ್ತಿದ್ದರು, ನನ್ನ ಹುಬ್ಬುಗಳೇ ಮೇಲಕ್ಕೆ ಹೋಗುತ್ತಿದ್ದವು.

"ಯಾರ್ರೀ ಹೆಣೆದಿದ್ದು? ಎಷ್ಟು ಗಟ್ಟಿಯಾಗಿದೆ!" ಅಂದರು ಲೇಡೀಸ್ ಕಂಪಾರ್ಟ್‌ಮೆಂಟಿನ ಗೆಳತಿಯರು.

"ತಂಗಿ ಬಂದಿದ್ದಾಳೆ ಕಣ್ರೀ" ಅಂದೆ. (ನನಗೆ ತಂಗಿಯೇ ಇಲ್ಲ.)

ನಮ್ಮ ಅತ್ತೆ ಮುಳಬಾಗಿಲಿನವರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಭಕ್ತಿ ಮಾತ್ರ ಪೂರ್ತಿ ತಿರುಪತಿಯದು. ಒಂದು ದಿನ ಅಂದರು: "ಎಂದುಕಮ್ಮಾ, ಯಾಕಮ್ಮಾ ಈ ಬಾಧೆ? ಸ್ವಾಮಿಗೆ ಹರಕೆ ಹೊರೋಣ. ಕೈ ಸರಿಹೋದ್ರೆ ಮುಡಿ ಕೊಡೋದು, ಅಷ್ಟೇ."

ರೈಲಿನ ಅವಸರದಲ್ಲಿದ್ದೆ. "ನೋಡೋಣ ಅತ್ತೆ" ಅಂದು ಓಡಿದೆ. ಸಂಜೆ ಬಂದು ನೋಡಿದರೆ ದೇವರ ಗೂಡಿನಲ್ಲಿ ಅರಿಶಿನ ಬಟ್ಟೆಯ ಗಂಟು! ನನ್ನ "ನೋಡೋಣ" ಅವರಿಗೆ "ಆಗಲಿ" ಎಂದು ಕೇಳಿಸಿತ್ತು. ಸಂಕ್ರಾಂತಿ ಕಳೆದ ಮೇಲೆ ತಿರುಪತಿ ಎಂದೂ ನಿಶ್ಚಯವಾಗಿತ್ತು.

ನನ್ನ ಸಂಕಟ ಅರ್ಥವಾಯಿತೇ? ಕೈ ಸರಿಹೋದರೆ ಕೂದಲು ಕೊಡಬೇಕು. ಸರಿಹೋಗದಿದ್ದರೆ ಆ ಕೂದಲನ್ನು ಇಟ್ಟುಕೊಂಡು ನಾನೇನು ಮಾಡಲಿ? ಗಂಡ ಜೀವಮಾನವೆಲ್ಲ ಚಿಲಕ ಹಾಕಿಕೊಂಡು ಜಡೆ ಹೆಣೆಯುತ್ತಾರೆಯೇ?

ನನ್ನ ಕೂದಲು ಸೊಂಟ ದಾಟುತ್ತದೆ. ಯಾರಾದರೂ ತಿರುಗಿ ನೋಡುವಂಥದ್ದು ನನ್ನಲ್ಲಿ ಇರುವುದು ಅದೊಂದೇ. ಬಚ್ಚಲಲ್ಲಿ ಕೂತು ಗಳಗಳ ಅತ್ತುಬಿಟ್ಟೆ. ಸ್ವಾಮಿಯ ಮೇಲೆ ನನಗೆ ಭಕ್ತಿ ಇಲ್ಲ ಅನ್ನಬೇಡಿ. ಇದೆ. ಕೂದಲಿನ ಮೇಲೆ ಆಸೆಯೂ ಇದೆ.

ಗಂಡ ನನ್ನನ್ನು ಕೋಲಾರದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ನನ್ನ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ನನ್ನನ್ನೇ ಬೈದರು.

"ನೋವು ಅಂತ ಕೈ ಆಡಿಸದೆ ಇಟ್ಟಿದ್ದೀರಿ. ತೆಗೆದು ಹಾಕಿ ಮಾಡದ ಗೇಟಿನ ಕೀಲು ಹಿಡ್ಕೊಳ್ಳಲ್ವಾ? ಗೋಡೆ ಮುಂದೆ ನಿಂತು ಬೆರಳಲ್ಲಿ ನಿಧಾನಕ್ಕೆ ಮೇಲೆ ಹತ್ತಿ. ಟವಲ್ ಬೆನ್ನ ಹಿಂದೆ ಹಾಕಿ, ಒಳ್ಳೇ ಕೈಯಿಂದ ಎಳೀರಿ. ಎಳೆತ ಗೊತ್ತಾಗ್ಬೇಕು, ಜೀವ ಹೋಗ್ಬಾರ್ದು. ದಿನಾ ಮಾಡಿ. ಒಂದಿನ ಶೂರತನ ತೋರ್ಸಿ ವಾರ ಬಿಟ್ರೆ ಏನೂ ಪ್ರಯೋಜನ ಇಲ್ಲ."

"ಸೂಜಿ ಚುಚ್ಚಲಿಲ್ವಾ?" ಮನೆಗೆ ಬಂದು ಹೇಳಿದರೆ ಅತ್ತೆಗೆ ನಿರಾಸೆ. "ಸೂಜಿ ಚುಚ್ಚದೋನು ಎಂಥ ಡಾಕ್ಟ್ರಮ್ಮಾ?"

ಮರುದಿನದಿಂದ ನಡುಮನೆಯ ಗೋಡೆ ಹತ್ತತೊಡಗಿದೆ. ಪಕ್ಕದ ಮನೆಯ ಮೆಹರುನ್ನೀಸಾ ಒಂದು ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಅರೆ, ತಿಗಣೆ ಹಿಡೀತಿದ್ದೀರಾ? ನಮ್ಮನೇಲಿ ಪೌಡರ್ ಐತೆ, ತಂದ್ಕೊಡ್ಲಾ?"

ಭುಜದ ಕತೆಯನ್ನೆಲ್ಲ ವಿವರಿಸಿ ಹೇಳಿದೆ. ಪಾಪ, ತಲೆಯಾಡಿಸಿ ಕೇಳಿಕೊಂಡು ಹೋದರು. ಸಂಜೆ ಪೌಡರ್ ಬಂತು.

ಶುರುವಿನಲ್ಲಿ ಬೆರಳುಗಳು ಮೂಗಿನ ಎತ್ತರದಲ್ಲೇ ಮುಷ್ಕರ ಹೂಡಿದವು. ದೀಪಾವಳಿ ಹೊತ್ತಿಗೆ ಕ್ಯಾಲೆಂಡರಿನ ಕೆಳ ಅಂಚು ಸಿಕ್ಕಿತು. ಕ್ರಿಸ್‌ಮಸ್ ರಜೆಯಲ್ಲಿ ಅದರ ಮೊಳೆಯನ್ನೇ ಮುಟ್ಟಿದೆ. ಎಂಥ ಸಂತೋಷ ಅಂತೀರಿ! ಆದರೆ ಬೆರಳು ಒಂದು ಗೇಣು ಮೇಲೆ ಹೋದರೆ ತಿರುಪತಿ ಒಂದು ಗೇಣು ಹತ್ತಿರ ಬರುತ್ತಿತ್ತು. ಬಿಟ್ಟುಬಿಡಲೇ ಅಂತ ಎಷ್ಟೋ ಸಲ ಅನ್ನಿಸಿದ್ದು ನಿಜ. ಬಿಡಲಿಲ್ಲ. ರಾತ್ರಿ ಮಗ್ಗುಲಾದರೆ ನೋವಿಲ್ಲ, ಆಫೀಸಿನಲ್ಲಿ ಕತ್ತು ಹಿಡಿಯುವುದಿಲ್ಲ. ಇಷ್ಟು ಸುಖ ಕಂಡ ಮೇಲೆ ಬಿಡುವುದು ಹೇಗೆ?

ಬೆಕ್ಕನ್ನು ನೋಡಿ. ನಿದ್ದೆಯಿಂದ ಎದ್ದರೆ ಮೊದಲು ಮೈ ಚಾಚಿ, ಬೆನ್ನು ಎಳೆದು, ಆಮೇಲೆ ಹಾಲಿನ ಯೋಚನೆ. ನಾವು? ಎದ್ದ ಕೂಡಲೇ ಗಡಿಯಾರ ನೋಡಿ ಓಡುತ್ತೇವೆ. ಮೈ ಪಾಪ, ತಿಂಗಳುಗಟ್ಟಲೆ ಸಹಿಸಿಕೊಂಡು ಆಮೇಲೆ ಒಂದೇ ಸಲ ಬಾಗಿಲು ಹಾಕಿಕೊಳ್ಳುತ್ತದೆ. ಆಗ ಇಂಜೆಕ್ಷನ್, ಎಣ್ಣೆ, ಹರಕೆ!

ಸಂಕ್ರಾಂತಿಯ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ಬಂದು ಕನ್ನಡಿ ಮುಂದೆ ಕೂತೆ. ಸುಮ್ಮನೆ ಕೈ ಹಿಂದಕ್ಕೆ ಒಯ್ದೆ. ಕುತ್ತಿಗೆ ಸಿಕ್ಕಿತು! ಕೂದಲು ಮೂರು ಪಾಲಾಯಿತು. ನಿಧಾನವಾಗಿ ಜಡೆಯೂ ಆಯಿತು. ಸೊಟ್ಟಗಿತ್ತು, ನಿಜ. ನಾನೇ ಹೆಣೆದದ್ದು. ಬಾಚಣಿಗೆ ಹಿಡಿದು ನಿಂತಿದ್ದ ಗಂಡ "ಶಭಾಷ್" ಅಂದರು. ಕಣ್ಣಲ್ಲಿ ನೀರು ಬಂತು. ಇಬ್ಬರಿಗೂ.

ಅಷ್ಟರಲ್ಲಿ ದೇವರ ಗೂಡಿನ ಮುಂದೆ ಅತ್ತೆಯ ದನಿ: "ಗೋವಿಂದಾ! ಕೈ ಸರಿಮಾಡಿದೆಯಪ್ಪಾ! ಲೇ, ತಿರುಪತಿ ಬಸ್ಸಿಗೆ ಟಿಕೆಟ್ ಮಾಡ್ಸೋ."

ನಾನು ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಗಂಡ ಅಮ್ಮನ ಪಕ್ಕ ಹೋಗಿ ಕೂತರು. "ಅಮ್ಮಾ, ಹರಕೆ ಹೊತ್ತೋಳು ನೀನು. ಇಷ್ಟು ದಿನ ಆ ಕೂದಲು ಹೆಣೆದೋನು ನಾನು. ಅದನ್ನ ಕತ್ತರಿಸೋದು ನನ್ ಕೈಲಿ ನೋಡೋಕಾಗಲ್ಲ. ಮುಡಿ ನಾನು ಕೊಡ್ತೀನಿ."

ಅತ್ತೆ ಬೆರಗಾದರು. ಬೆರಗಾದಾಗ ಅವರಿಗೆ ತೆಲುಗೇ ಬರುವುದು. "ಸ್ವಾಮಿ ಒಪ್ಪುಕೊಂಟಾಡಾ ರಾ?"

"ಯಾಕೆ ಒಪ್ಪಲ್ಲ? ಗಂಡನ ತಲೆ ಅವಳ ತಲೆ ಅಲ್ವಾ?"

ಅತ್ತೆ ದೀಪವನ್ನು ನೋಡಿದರು. ಮಗನ ತಲೆಯನ್ನು ನೋಡಿದರು. ನನ್ನ ಕೈಯಲ್ಲಿದ್ದ ಜಡೆಯನ್ನೂ ನೋಡಿದರು. "ಒಪ್ತಾನೆ ಬಿಡು" ಅಂದರು. ಅಬ್ಬಾ! ಅಲ್ಲೇ ಅವರ ಕಾಲು ಹಿಡಿದುಬಿಟ್ಟೆ. (ಬಗ್ಗುವಾಗ ಭುಜ ಚುಳುಕ್ ಅನ್ನಲಿಲ್ಲ.)

ಹೋದ ವಾರ ತಿರುಪತಿಗೆ ಹೋಗಿ ಬಂದೆವು. ಮನಸ್ಸು ಹಗುರಾಗಿತ್ತು, ಕೈಯೂ ಹಗುರಾಗಿತ್ತು. ಎಲ್ಲ ಸರಿಹೋಯಿತಲ್ಲ, ಇನ್ನು ಗೋಡೆಯ ಸಹವಾಸ ಯಾಕೆ ಅಂದುಕೊಂಡು ಮೊನ್ನೆ ಬೆಳಿಗ್ಗೆ ಕಂಬಳಿ ಎಳೆದುಕೊಂಡು ಮಲಗಿದ್ದೆ. ಯಾರೋ ಕಂಬಳಿ ಕಿತ್ತರು. ಕಣ್ಣು ಬಿಟ್ಟರೆ ನುಣ್ಣಗೆ ಹೊಳೆಯುವ ತಲೆ ಸವರಿಕೊಳ್ಳುತ್ತಾ ನಿಂತಿದ್ದಾರೆ ನನ್ನ ಗಂಡ.

"ಎದ್ದು ಗೋಡೆ ಹತ್ತೇ. ಇನ್ನೊಂದ್ಸಲ ನಿನ್ ಭುಜ ಹಿಡ್ಕೊಂಡ್ರೆ ಕೊಡೋಕೆ ನನ್ ಹತ್ರ ಏನೈತೆ?"