ಎಲ್ಲರಿಗೂ ಸೊನ್ನೆ ರಜೆ

ಬಸ್ ಡಿಪೋದ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಆ ಹೆಂಗಸಿಗೆ ಡ್ರೈವರುಗಳು ಇಟ್ಟಿದ್ದ ಹೆಸರು ಬೆಂಕಿಪೊಟ್ಟಣ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಯ ಮಹಡಿಯಲ್ಲಿದ್ದುಕೊಂಡು, ಸಂಜೆ ತರಗತಿಗೆ ಹೋಗಿ ಪ್ರೋಗ್ರಾಂ ಬರೆಯುವುದನ್ನು ಕಲಿತವಳು. ಡಿಪೋದ ಸ್ಕ್ರಿಪ್ಟುಗಳು, ಅಂದರೆ ಲೆಕ್ಕ ತೋರಿಸುವ ಪುಟ್ಟ ಪ್ರೋಗ್ರಾಂಗಳೆಲ್ಲ, ಈಗ ಅವಳ ಕೈಯವೇ.

ಆ ಬೆಳಿಗ್ಗೆ ಮ್ಯಾನೇಜರ ಕಿಟಕಿಯ ಮುಂದೆ ಒಬ್ಬ ಡ್ರೈವರು ಗೋಗರೆಯುತ್ತಿದ್ದ. "ಈ ವರ್ಷ ರಜೆ ಹಾಕಿದ್ದೇ ಕಮ್ಮಿ ಸಾರ್. ನಾಳೆ ಅಮ್ಮನಿಗೆ ಆಪರೇಷನ್."

"ಕಂಪ್ಯೂಟರ್ ಸೊನ್ನೆ ತೋರಿಸ್ತಿದೆ. ಅದು ಸುಳ್ಳು ಹೇಳುತ್ತೋ, ನೀನು ಹೇಳ್ತೀಯೋ?"

ಡ್ರೈವರು ತಲೆ ತಗ್ಗಿಸಿ ಬಸ್ಸಿನ ಕಡೆ ನಡೆದುಬಿಟ್ಟ. ಬೆಂಕಿಪೊಟ್ಟಣಕ್ಕೆ ಮೈಯೆಲ್ಲ ಉರಿದುಹೋಯಿತು.

"ಕಂಪ್ಯೂಟರ್ ತಾನಾಗಿ ಏನೂ ಹೇಳಲ್ಲ ಸಾರ್, ಹೇಳಿಸೋಳು ನಾನು. ಒಂದು ಸಲ ನೋಡ್ತೀನಿ."

"ಇರೋ ಕೆಲಸ ಮೊದಲು ನೋಡಿ ಮೇಡಂ."

ಅವಳು ಮೊದಲು ನೋಡಿದ್ದು ರಜೆ ಲೆಕ್ಕವನ್ನೇ. ತನ್ನ ನಂಬರು ಒತ್ತಿದಳು: ಸೊನ್ನೆ. ಮ್ಯಾನೇಜರದು ಒತ್ತಿದಳು: ಅದೂ ಸೊನ್ನೆ. ರಜೆ ಲೆಕ್ಕ ಹಾಕುವ ಪ್ರೊಸೀಜರ್ ಇರುವುದು ಡೇಟಾಬೇಸಿನೊಳಗೆ. ಸ್ಕ್ರಿಪ್ಟು ಅದಕ್ಕೆ ಡ್ರೈವರನ ನಂಬರಿನ ಜೊತೆ ಉತ್ತರ ತುಂಬಿಕೊಳ್ಳುವ ಡಬ್ಬಿಯಂಥ ಒಂದು ವೇರಿಯಬಲ್ಲನ್ನೂ ಕೊಡುತ್ತದೆ. ಉಳಿದ ರಜೆಯನ್ನು ಪ್ರೊಸೀಜರು ಅದರಲ್ಲಿ ತುಂಬಿ ವಾಪಸು ಕೊಡಬೇಕು. ಡೇಟಾಬೇಸಿನಲ್ಲೇ ನೇರವಾಗಿ ಓಡಿಸಿದರೆ ಉತ್ತರ ಸರಿಯಾಗಿತ್ತು. ಸ್ಕ್ರಿಪ್ಟಿನಿಂದ ಕರೆದರೆ ಮಾತ್ರ ಸೊನ್ನೆ.

ಹೆಡ್ ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವವನಿಗೆ ಫೋನು ಹಚ್ಚಿದಳು. "ಪ್ರೊಸೀಜರ್ ಮುಟ್ಟಿದ್ದೀರಾ?"

"ಹೋದ ವಾರ ಒಂದು ಚೂರು. ತಗೊಂಡ ರಜೆಗಳ ಪಟ್ಟಿನೂ ಬರೋ ಹಾಗೆ ಮಾಡಿದೆ. ಚೆನ್ನಾಗಿದೆ ಅಲ್ವಾ?"

"ನನಗೊಂದು ಮಾತು ಹೇಳೋಕೆ ಬಾಯಿ ಬಿದ್ದುಹೋಗಿತ್ತಾ?"

ಈಗ ಮೊದಲು ಬರುತ್ತಿದ್ದುದು ಪಟ್ಟಿ. ಅದನ್ನು ಕೊನೆಯವರೆಗೂ ಓದಿ ಮುಗಿಸದೆ ವೇರಿಯಬಲ್ಲಿಗೆ ಉತ್ತರ ಇಳಿಯುವುದಿಲ್ಲ. ಪಟ್ಟಿ ಬರುತ್ತಿದೆ ಎಂಬುದೇ ಗೊತ್ತಿಲ್ಲದ ಸ್ಕ್ರಿಪ್ಟು, ವೇರಿಯಬಲ್ಲಿನಲ್ಲಿ ಅವಳೇ ಮೊದಲು ಹಾಕಿಟ್ಟಿದ್ದ ಸೊನ್ನೆಯನ್ನು ಉತ್ತರವೆಂದು ಹೊತ್ತು ತರುತ್ತಿತ್ತು. ಅವಳು ಪಟ್ಟಿಯನ್ನು ಪೂರ್ತಿ ಓದಿಸಿದಳು. ಸೊನ್ನೆಯನ್ನು ಕಿತ್ತುಹಾಕಿ, ಉತ್ತರ ಬರದಿದ್ದರೆ 'ಮಾಹಿತಿ ಸಿಕ್ಕಿಲ್ಲ' ಎಂದು ತೋರಿಸುವಂತೆ ಮಾಡಿದಳು. ಡ್ರೈವರನಿಗೆ ಬೇಕಾದಷ್ಟು ರಜೆ ಉಳಿದಿತ್ತು. ಅವಳು ನೇರ ಮ್ಯಾನೇಜರ ಹತ್ತಿರ ಹೋದಳು.

"ವಾರದಿಂದ ಎಲ್ಲರಿಗೂ ಸೊನ್ನೆ ಬಂದಿದೆ ಸಾರ್. ನಿಮಗೆ ಅನುಮಾನವೇ ಬರಲಿಲ್ವಾ?"

"ಬಸ್ಸುಗಳೆಲ್ಲ ಟೈಮಿಗೆ ಸರಿಯಾಗಿ ಹೊರಡ್ತಿದ್ವು. ಅನುಮಾನ ಯಾಕೆ ಪಡಲಿ? ಸರಿ ಮಾಡೋದನ್ನ ತಿಂಗಳ ಕೊನೆಗೆ ಇಟ್ಟುಕೊಳ್ಳಿ."

"ಆಗಲೇ ಮಾಡಿಯಾಯ್ತು. ಆ ಡ್ರೈವರದ್ದಕ್ಕೆ ಸಹಿ ಹಾಕಿ."

ಮ್ಯಾನೇಜರು ಮುಖ ಗಂಟಿಕ್ಕಿಕೊಂಡು ಸಹಿ ಹಾಕಿದರು. ಅವಳು ಅಲ್ಲಿಂದ ಕದಲಲಿಲ್ಲ. "ಅವರನ್ನ ಸುಳ್ಳುಗಾರ ಅಂದಿರಲ್ಲ, ಅದಕ್ಕೇನು ಹೇಳ್ತೀರಿ?"

"ರಜೆ ಕೊಟ್ಟಾಯ್ತಲ್ಲ ಮೇಡಂ."

ಸಂಜೆ ಬಸ್ಸು ಒಳಗೆ ಬರುವುದನ್ನೇ ಕಾದಿದ್ದು, ಸಹಿಯಾದ ಕಾಗದವನ್ನು ಡ್ರೈವರನ ಕೈಗಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಅವನ ಕಣ್ಣು ತುಂಬಿತು. "ಬಿಡಿ ಅಕ್ಕಾ, ಸಿಕ್ತಲ್ಲ."

"ಬಿಡೋದೇನು? ನಿಮಗೆ ಸಿಟ್ಟು ಬರಲಿಲ್ವಾ?"

"ಬಂತು. ಬಸ್ ತುಂಬ ಜನ ಇದ್ರು, ನುಂಗಿಕೊಂಡೆ."

ಆ ಮಾತು ಅವಳ ಎದೆಗೆ ನಾಟಿತು. ಮಾರನೆಯ ಬೆಳಿಗ್ಗೆ ಡ್ರೈವರುಗಳ ವಿಶ್ರಾಂತಿ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಹೇಳಿದಳು: "ಹೋದ ವಾರದಿಂದ ಯಾರಿಗೆಲ್ಲ ರಜೆ ಇಲ್ಲ ಅಂದ್ರೋ, ಎಲ್ಲರೂ ಹೋಗಿ ಮತ್ತೆ ಕೇಳಿ. ತಪ್ಪು ನಮ್ಮ ಕಂಪ್ಯೂಟರಿನದು, ನಿಮ್ಮದಲ್ಲ."

ಅರೆಗಳಿಗೆಯಲ್ಲಿ ಕಿಟಕಿಯ ಮುಂದಿನ ಸಾಲು ಗೇಟಿನವರೆಗೂ ಬೆಳೆಯಿತು. ಮ್ಯಾನೇಜರು ತಲೆಯೆತ್ತದೆ ಸಹಿ ಹಾಕುತ್ತಲೇ ಇದ್ದರು. ತಪ್ಪಾಯಿತೆಂಬ ಒಂದು ಮಾತು ಮಾತ್ರ ಯಾರಿಗೂ ಹೇಳಲಿಲ್ಲ. ಅವರ ಮೇಲಿನ ಆ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ.